ಊಟ, ವಸತಿಗೆ ಬದಲು ದುಡಿಮೆ
ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಡಿಕೆ ತೋಟಗಳಿಗೆ ಆಳು ಸಿಗುವುದಿಲ್ಲ. 1971ರಲ್ಲಿ ಇಂಗ್ಲೆಂಡಿನ ಸ್ಯೂ ಕೊಪಾರ್ಡ್ ಶುರುಮಾಡಿದ ‘ವೂಫ್’ ಮಾದರಿಯಲ್ಲಿ ಪ್ರವಾಸಿಗರಿಗೆ ಊಟ, ವಸತಿ ಕೊಟ್ಟು ಕೆಲಸಕ್ಕೆ ಕರೆದರೆ ಆ ಕೊರತೆ ತುಂಬೀತೆ? ಇಲ್ಲ. ಕೊನೆ ಇಳಿಸುವುದಕ್ಕೂ ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿಯುವುದಕ್ಕೂ ಪಳಗಿದ ಕೈ ಬೇಕು. ಕ್ಷಣ ಮೈಮರೆತರೆ ಬೆರಳಿಗೇ ಪೆಟ್ಟು. ಬೇಯಿಸಿದ ಅಡಿಕೆ ಹರವುವುದು, ಸೊಪ್ಪು ಹೊರುವುದು ಹೊಸಬರಿಗೂ ಆದೀತು. ಅದೂ ಕೂಲಿಯವರ ಅನ್ನಕ್ಕೆ ಕಲ್ಲಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಮಲೆನಾಡಿನಲ್ಲಿ ಮುಯ್ಯಾಳು ಪದ್ಧತಿ ಮೊದಲಿನಿಂದಲೂ ಇತ್ತಲ್ಲ ಎನ್ನುವವರು ಒಂದನ್ನು ಮರೆಯುತ್ತಾರೆ: ಇಂದು ನಮ್ಮ ಗದ್ದೆಗಿಳಿದವನ ಗದ್ದೆಗೆ ನಾಳೆ ನಾವೂ ಇಳಿಯಬೇಕಿತ್ತು. ಊರು ಬಿಟ್ಟು ಹೋಗುವ ಪ್ರವಾಸಿಗೆ ಆ ಮುಯ್ಯಿ ತೀರಿಸುವ ದಾರಿಯಿಲ್ಲ. ಆದ್ದರಿಂದ ಕೃಷಿ ಕಲಿಯಬಯಸುವವರನ್ನು ಖಂಡಿತ ಕರೆಯೋಣ, ಕೆಲಸದ ಗಂಟೆಗಳನ್ನು ಮೊದಲೇ ಮಾತಾಡಿಕೊಳ್ಳೋಣ. ಕೂಲಿ ಕೊಟ್ಟೇ ಮಾಡಿಸಬೇಕಾದ ಕೆಲಸಕ್ಕೆ ಮಾತ್ರ ಅವರನ್ನು ಹಚ್ಚುವುದು ಬೇಡ.