ಅರ್ಕಾವತಿಯ ಲೆಕ್ಕ ಇಡೋರು ಯಾರು?

2024ರ ಬೇಸಿಗೆ ನೆನಪಿದೆಯಾ? ಬೋರ್‌ವೆಲ್ ಬತ್ತಿ ಬೆಂಗಳೂರು ಟ್ಯಾಂಕರ್‌ಗೆ ಕಾಯ್ತಿತ್ತು. ನಾವೆಲ್ಲ ಹೇಳಿದ್ದು ಒಂದೇ: ಕಾವೇರಿಯಿಂದ ಇನ್ನಷ್ಟು ತನ್ನಿ. ಆ ನೀರು ಬರೋದು ಸುಮಾರು 100 ಕಿಲೋಮೀಟರ್ ದೂರದಿಂದ, ಪಂಪ್ ಮಾಡಿ ಮೇಲೆತ್ತಿ.

ಅದಕ್ಕೂ ಮೊದಲು ನಮ್ಮೂರಿಗೆ ನೀರು ಕೊಟ್ಟಿದ್ದು ನಂದಿ ಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ. 1894ರ ಹೆಸರಘಟ್ಟ, 1933ರ ತಿಪ್ಪಗೊಂಡನಹಳ್ಳಿ ಜಲಾಶಯಗಳು ಅದರದ್ದೇ. ಆ ನದಿ ಸೊರಗಿದ್ದಕ್ಕೆ ಮಳೆಯನ್ನಷ್ಟೇ ದೂರಿದರೆ ಸಾಲದು. ಜಲಾನಯನ ಪ್ರದೇಶದಲ್ಲಿ ಬೋರ್‌ವೆಲ್‌ಗಳು ಹೆಚ್ಚಿದವು, ಅಂತರ್ಜಲ ಪಾತಾಳಕ್ಕಿಳಿಯಿತು, ನೀಲಗಿರಿ ತೋಪುಗಳೂ ನೀರು ಹೀರಿದವು. ಚೆಕ್ ಡ್ಯಾಂ ಕಟ್ಟಿದರೆ ಎಲ್ಲ ಸರಿಹೋಗುತ್ತೆ ಅನ್ನೋದೂ ಅರ್ಧ ಸತ್ಯ. ಮೇಲಿನ ಊರಲ್ಲಿ ನಿಂತ ನೀರು ಕೆಳಗಿನ ಕೆರೆಗೆ ಬರಲ್ಲ. ಹಾಗಾಗಿ ಎಷ್ಟು ಮಳೆ ಬಂತು, ಯಾರು ಎಷ್ಟು ಎತ್ತಿದರು ಅನ್ನೋ ಲೆಕ್ಕ ಇಡೀ ಜಲಾನಯನಕ್ಕೆ ಒಂದೇ ಇರಬೇಕು. ಮಳೆ ಕೈಕೊಟ್ಟ ವರ್ಷ ನಮ್ಮನ್ನು ಕಾಯೋದು ನೆಲದೊಳಗಿನ ಉಳಿತಾಯವೇ.

ನಾವೋ, ಟ್ಯಾಂಕ್ ತುಂಬಿದರೆ ಮೋಟರ್ ಆಫ್ ಮಾಡೋ ಮಿನಿ ಪ್ರಾಜೆಕ್ಟನ್ನೇ ಪ್ರತಿ ವರ್ಷ ಮಾಡ್ತೀವಿ. ಆದರೆ ಬೋರ್‌ವೆಲ್‌ನಲ್ಲಿ ನೀರು ಎಷ್ಟು ಅಡಿಗಿಳಿದಿದೆ ಅಂತ ಅಳೆಯಲ್ಲ. ಈ ಸೆಮಿಸ್ಟರ್ ಅದನ್ನು ಅಳೆಯೋಣ. ವಾರಕ್ಕೊಮ್ಮೆ ಆ ಅಂಕಿಯನ್ನು ಹಾಸ್ಟೆಲ್ ನೋಟಿಸ್ ಬೋರ್ಡ್‌ಗೆ ಹಾಕೋಣ. ಇನ್ನಷ್ಟು ಕಾವೇರಿ ಬೇಕಾ ಅಂತ ಆಮೇಲೆ ಮಾತಾಡೋಣ.