ಮರ ಎಣಿಸಿದವರು ಮಕ್ಕಳನ್ನೂ ಎಣಿಸಲಿ

ಕೊಪ್ಪಳದ ಗಿಣಿಗೇರಾ, ಹಿರೇಬಗನಾಳದ ಕಡೆ ಹೋದವರು ಯಾವುದಾದರೂ ಮನೆಯ ಮಾಳಿಗೆ ಹತ್ತಿ ನೆಲದ ಮೇಲೆ ಬೆರಳಾಡಿಸಬೇಕು. ಬೆರಳು ಕಪ್ಪಾಗುತ್ತದೆ. ಹೊಲದ ಹತ್ತಿಯೂ ಕಪ್ಪಿಟ್ಟಿದೆ ಎಂದು ರೈತರು ವರ್ಷಗಳಿಂದ ಹೇಳುತ್ತಿದ್ದಾರೆ. ಈಗಿರುವ ಕಾರ್ಖಾನೆಗಳ ಈ ಧೂಳು ಸಾಲದೆಂಬಂತೆ ಊರಿನ ಮಗ್ಗುಲಲ್ಲೇ ಇನ್ನೊಂದು ಭಾರೀ ಉಕ್ಕಿನ ಕಾರ್ಖಾನೆ ಎಂದಾಗ, 2025ರ ಫೆಬ್ರವರಿ 24ರಂದು ಕೊಪ್ಪಳ ಬಂದ್ ಆಯಿತು. ಗವಿಮಠದ ಸ್ವಾಮೀಜಿಯೇ ಬೀದಿಗಿಳಿದರು. ಇಂಥ ಜಗಳಗಳಲ್ಲಿ ವಾದ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ. ‘ಮಕ್ಕಳಿಗೆ ಕ್ಯಾನ್ಸರ್ ಬಂದರೆ ಯಾರು ಹೊಣೆ?’ ಎನ್ನುತ್ತಾರೆ ಊರವರು. ‘ಹೊಗೆಯಿಂದಲೇ ಬಂತು ಅನ್ನೋದಕ್ಕೆ ಸಾಬೀತು ಎಲ್ಲಿದೆ?’ ಎನ್ನುತ್ತಾರೆ ಚಿಮಣಿಯ ಪರ ಇರುವವರು.

ಸಾಬೀತು ಕೇಳುವುದು ತಪ್ಪಲ್ಲ. ಆದರೆ ಲೆಕ್ಕವನ್ನೇ ಇಡದೆ ಸಾಬೀತು ಕೇಳುವುದು ಮೋಸ.

ಯಾಕೆಂದರೆ ಮಕ್ಕಳ ಕ್ಯಾನ್ಸರ್ ಅಪರೂಪ. ಜಗತ್ತಿನ ಸರಾಸರಿ ಹಿಡಿದರೆ, ಹದಿನೈದು ವರ್ಷದೊಳಗಿನ ಹತ್ತು ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಸುಮಾರು 140 ಮಂದಿಗೆ ಬರುತ್ತದೆ. ಒಂದು ಕಾರ್ಖಾನೆಯ ಸುತ್ತಲ ಹಳ್ಳಿಗಳಲ್ಲಿ 3,000 ಮಕ್ಕಳಿದ್ದಾರೆ ಎನ್ನಿ. ಎರಡು ವರ್ಷ ದಾಟಿದ ಮೇಲೆ ಒಂದು ಮಗುವಿಗೆ ಬಂದೀತು. ಹೊಗೆಯಿಂದ ಅಪಾಯ ದುಪ್ಪಟ್ಟಾದರೂ ವರ್ಷಕ್ಕೆ ಒಂದು ತುಂಬುವುದಿಲ್ಲ. ಅದನ್ನು ಕಾಕತಾಳೀಯ ಎಂದು ಪಕ್ಕಕ್ಕೆ ಸರಿಸುವುದು ಯಾರಿಗೂ ಕಷ್ಟವಲ್ಲ. ಜರ್ಮನಿಯಲ್ಲಿ 16 ಅಣುಸ್ಥಾವರಗಳ ಸುತ್ತ 24 ವರ್ಷಗಳ ದಾಖಲೆ ಜಾಲಾಡಿದಾಗ, 5 ಕಿ.ಮೀ. ಒಳಗೆ ಸಿಕ್ಕಿದ್ದು ರಕ್ತದ ಕ್ಯಾನ್ಸರ್ ಇದ್ದ ಐದು ವರ್ಷದೊಳಗಿನ 37 ಮಕ್ಕಳು. ಅಪಾಯ ಸುಮಾರು ದುಪ್ಪಟ್ಟು ಎಂದು ಕಂಡಿತು. ಸ್ಥಾವರದಿಂದ ಹೊರಬೀಳುವ ವಿಕಿರಣ ಅದಕ್ಕೆ ಕಾರಣವಾಗುವಷ್ಟಿಲ್ಲ ಎಂದೂ ಸಂಶೋಧಕರೇ ಹೇಳಿದರು. ಕಾರಣದ ಬಗ್ಗೆ ಅಲ್ಲಿ ಇನ್ನೂ ಜಗಳವಿದೆ. ಜಗಳ ಆಡುವುದಕ್ಕಾದರೂ ಅವರ ಕೈಯಲ್ಲಿ ಒಂದು ಪಟ್ಟಿ ಇದೆ; 1980ರಿಂದಲೇ ಮಕ್ಕಳ ಕ್ಯಾನ್ಸರನ್ನು ಅವರು ಬರೆದಿಟ್ಟುಕೊಂಡಿದ್ದಾರೆ.

ಪಟ್ಟಿ ಇಲ್ಲದಿದ್ದರೆ ಏನಾಗುತ್ತದೆ? ಅಮೆರಿಕದ ಮ್ಯಾಸಚೂಸೆಟ್ಸ್‌ನ ವೊಬರ್ನ್ ಎಂಬ ಊರನ್ನು ನೋಡಿ. ಅಲ್ಲಿ ಆ್ಯನ್ ಆ್ಯಂಡರ್ಸನ್ ಎಂಬ ತಾಯಿಯ ಪುಟ್ಟ ಮಗನಿಗೆ 1972ರಲ್ಲಿ ರಕ್ತದ ಕ್ಯಾನ್ಸರ್ ಬಂತು. ಅದೇ ಕಾಯಿಲೆಯ ಮಕ್ಕಳು ಅಕ್ಕಪಕ್ಕದ ಬೀದಿಗಳಲ್ಲೂ ಇದ್ದಾರೆಂದು ಆಕೆಗೆ ಗೊತ್ತಾಗುತ್ತಾ ಹೋಯಿತು. ನಲ್ಲಿ ನೀರು ನಾರುತ್ತಿತ್ತು. ಹೇಳಿದರೆ ಕೇಳುವವರಿಲ್ಲ. 1979ರಲ್ಲಿ ಊರಿನ ಎರಡು ಬಾವಿಗಳಲ್ಲಿ ಕೈಗಾರಿಕಾ ದ್ರಾವಕ ಪತ್ತೆಯಾಗಿ ಬೀಗ ಬಿತ್ತು. ಆಮೇಲೆ ಆಕೆಯೂ ಊರಿನ ಪಾದ್ರಿಯೂ ಸೇರಿ ಮನೆಮನೆ ವಿಚಾರಿಸಿ ನಕಾಶೆಯ ಮೇಲೆ ಗುರುತು ಹಾಕಿದರು. ಸರ್ಕಾರ ಲೆಕ್ಕಕ್ಕೆ ಕೂತಾಗ, ಸುಮಾರು 5 ಇರಬೇಕಿದ್ದ ಕಡೆ 12 ಮಕ್ಕಳು. ಗರ್ಭಿಣಿಯಾಗಿದ್ದಾಗ ಆ ನೀರು ಕುಡಿದ ತಾಯಂದಿರ ಮಕ್ಕಳಿಗೆ ಅಪಾಯ ಹೆಚ್ಚಿತ್ತು ಎಂದು ರಾಜ್ಯದ ಆರೋಗ್ಯ ಇಲಾಖೆ ಹೇಳಿದ್ದು 1997ರಲ್ಲಿ. ಆ ಎರಡರಲ್ಲಿ ಮೊದಲ ಬಾವಿ ತೋಡಿದ್ದು 1964ರಲ್ಲಿ! ಒಂದು ಉತ್ತರಕ್ಕೆ 33 ವರ್ಷ, ಅದೂ ಒಬ್ಬ ತಾಯಿ ಎಣಿಸಲು ಹೊರಟಿದ್ದರಿಂದ.

ನಮ್ಮಲ್ಲಿ? ಕಾರ್ಖಾನೆಗೆ ಪರಿಸರ ಅನುಮತಿ ಕೇಳುವ ವರದಿಯಲ್ಲಿ ಸುತ್ತಲ ಹತ್ತು ಕಿ.ಮೀ. ವ್ಯಾಪ್ತಿಯ ಮರ, ಹಕ್ಕಿ, ಮಣ್ಣು, ಬೋರ್‌ವೆಲ್ ನೀರು, ಸದ್ದು ಎಲ್ಲದಕ್ಕೂ ಕೋಷ್ಟಕವಿರುತ್ತದೆ. ಕ್ಯಾನ್ಸರ್ ಬಂದ ಮಕ್ಕಳ ಮನೆ ಎಲ್ಲೆಲ್ಲಿ ಎಂಬ ಕೋಷ್ಟಕವನ್ನು ನಾನಂತೂ ಕಂಡಿಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕ್ಯಾನ್ಸರ್ ನೋಂದಣಿ 1982ರಲ್ಲೇ ಶುರುವಾಯಿತು, ನಿಜ. ಆದರೆ ಆ ನೋಂದಣಿ ಲೆಕ್ಕ ಇಡುವುದು ಬೆಂಗಳೂರಿನ ನಿವಾಸಿಗಳದ್ದು. ಕೊಪ್ಪಳದ ಮಗು ಅಲ್ಲಿಗೆ ಬಂದರೆ ಆಸ್ಪತ್ರೆಯ ರೋಗಿಯಾಗುತ್ತದೆ, ಕೊಪ್ಪಳದ ಲೆಕ್ಕವಾಗುವುದಿಲ್ಲ.

ಈ ಲೆಕ್ಕಕ್ಕೆ ಕೆಲಸಕ್ಕೆ ಬರುವ ಕಾಗದ ನಮ್ಮ ಮನೆಗಳಲ್ಲೇ ಇದೆ: ಗರ್ಭಿಣಿಯರಿಗೆ ಸರ್ಕಾರ ಕೊಡುವ ತಾಯಿ ಕಾರ್ಡ್. ವೊಬರ್ನ್‌ನಲ್ಲಿ ಗುಟ್ಟು ಬಿಚ್ಚಿದ್ದು ತಾಯಿ ಗರ್ಭಿಣಿಯಾಗಿದ್ದಾಗ ಎಲ್ಲಿದ್ದಳು ಎಂಬ ಪ್ರಶ್ನೆ. ಅದಕ್ಕೆ ಉತ್ತರ ತಾಯಿ ಕಾರ್ಡಿನಲ್ಲಿ ಸಿಗುತ್ತದೆ. ಗುಳೆ ಹೋಗುವ ಸೀಮೆಯಲ್ಲಿ ಆಸ್ಪತ್ರೆಯ ಕೇಸ್ ಶೀಟಿನ ವಿಳಾಸವನ್ನಷ್ಟೇ ನಂಬಿ ಕೂತರೆ ಆಗುವುದಿಲ್ಲ. ಮಗುವಿಗೆ ಕ್ಯಾನ್ಸರ್ ಎಂದು ಗೊತ್ತಾದ ದಿನ ಇವೆರಡನ್ನೂ ಜೋಡಿಸಿ ಬರೆದಿಡಲು ಕೋಟಿಗಟ್ಟಲೆ ಬೇಡ, ಒಂದು ಸರ್ಕಾರಿ ಆದೇಶ ಸಾಕು.

ಹೋರಾಟದ ಗೆಳೆಯರಿಗೂ ಒಂದು ಮಾತು. ಊರಿನ ಪ್ರತಿ ಕ್ಯಾನ್ಸರನ್ನೂ ಚಿಮಣಿಯ ತಲೆಗೆ ಕಟ್ಟಬೇಡಿ. ಅದರಲ್ಲಿ ಒಂದು ಸುಳ್ಳಾದರೆ ಹತ್ತು ನಿಜಗಳೂ ಅದರ ಜೊತೆ ಬಿದ್ದುಹೋಗುತ್ತವೆ. ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಹೊರಗಿನ ಗಾಳಿಯ ಮಾಲಿನ್ಯ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2013ರಲ್ಲೇ ಹೇಳಿಯಾಗಿದೆ. ಕೈಗಾರಿಕೆಯ ಹೊಗೆಯಲ್ಲಿರಬಹುದಾದ ಬೆಂಜೀನ್ ರಕ್ತದ ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ತಕರಾರಿಲ್ಲ. ಎಚ್ಚರಕ್ಕೆ ಇಷ್ಟು ಸಾಲದೇ?

ಪರಿಸರ ಅನುಮತಿಯ ಮುಂದಿನ ಅಹವಾಲು ಸಭೆಯಲ್ಲಿ ಯಾರಾದರೂ ಎದ್ದು ‘ಸಾಬೀತು ಎಲ್ಲಿದೆ’ ಎಂದರೆ, ಊರವರು ಅವರಿಗೆ ವರದಿಯ ಹಕ್ಕಿಗಳ ಪಟ್ಟಿಯನ್ನು ತೆರೆದು ತೋರಿಸಲಿ. ಇಷ್ಟೇ ಜತನದಿಂದ ಮಾಡಿದ ನಮ್ಮ ಮಕ್ಕಳ ಪಟ್ಟಿ ಯಾವ ಪುಟದಲ್ಲಿದೆ ಎಂದು ಕೇಳಲಿ. ಆ ಪುಟ ಬರುವವರೆಗೆ ಹೊಸ ಚಿಮಣಿಗೆ ಅನುಮತಿ ಬೇಡ.