ಅಸಲಿ ರುಚಿ ಮತ್ತು ಸೌಟು ಹಿಡಿದ ಕೈ

ವಿಚಾರ ಸಂಕಿರಣವೊಂದಕ್ಕೆ ಮಲೇಷ್ಯಾದ ಪಿನಾಂಗಿಗೆ ಹೋಗಿ ಬಂದ ಮೇಲೆ ನನ್ನ ಪ್ರಬಂಧದ ಬಗ್ಗೆ ಕೇಳಿದವರು ಇಬ್ಬರು. ಉಳಿದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. "ಮಾರಾಯ್ತಿ, ಅಲ್ಲಿ ಅಥೆಂಟಿಕ್ ಲೋಕಲ್ ಊಟ ಎಲ್ಲಿ ಸಿಗ್ತದೆ? ಟೂರಿಸ್ಟ್ ಜಾಗ ಬೇಡ, ಅಲ್ಲಿಯವರೇ ತಿನ್ನುವ ಜಾಗ ಹೇಳು." ಮೊದಮೊದಲು ನಾನೂ ಉತ್ಸಾಹದಿಂದ ಪಟ್ಟಿ ಕೊಟ್ಟೆ. ಈಗ ಕೊಡುವುದಿಲ್ಲ. ಆ ಪ್ರಶ್ನೆಯೇ ಸರಿಯಿಲ್ಲ ಎಂದು ನನಗೆ ಅನ್ನಿಸಿದೆ, ಯಾಕೆಂದು ಹೇಳುತ್ತೇನೆ.

ಜಾರ್ಜ್ ಟೌನಿನ ಒಂದು ಬೀದಿಯಲ್ಲಿ, ರಾತ್ರಿ ಒಂಬತ್ತರ ಹೊತ್ತಿಗೆ, ಚಾರ್ ಕ್ವೇ ಟಿಯಾವ್ ಮಾಡುವ ಗಾಡಿಯ ಎದುರು ನಿಂತಿದ್ದೆ. ಅಗಲವಾದ ಅಕ್ಕಿ ಶಾವಿಗೆಯನ್ನು ಸಿಗಡಿ, ಕಪ್ಪೆಚಿಪ್ಪಿನ ಮಾಂಸ, ಮೊಳಕೆ ಕಾಳು, ಮೊಟ್ಟೆಗಳ ಜೊತೆ ಧಗಧಗ ಉರಿಯ ಮೇಲೆ ಹುರಿಯುವ ತಿನಿಸು ಅದು. ಬಾಣಲೆಯ ಮುಂದೆ ನಿಂತಿದ್ದವನು ಇಪ್ಪತ್ತೈದರ ಆಸುಪಾಸಿನ ಹುಡುಗ. ಮಣಿಕಟ್ಟಿನ ಒಂದೇ ತಿರುವಿನಲ್ಲಿ ಇಡೀ ಬಾಣಲೆ ಮಗುಚುತ್ತಿದ್ದ. ಅಷ್ಟರಲ್ಲಿ ಪ್ರವಾಸಿಗರ ಗುಂಪೊಂದು ಬಂದು ಕ್ಯಾಮೆರಾ ತೆಗೆಯಿತು. ಪಕ್ಕದಲ್ಲಿ ದುಡ್ಡು ಎಣಿಸುತ್ತಿದ್ದ ಹಿರಿಯರು ಎದ್ದು ಬಂದು ಸೌಟು ಇಸಿದುಕೊಂಡರು. ಹುಡುಗ ಹಿಂದೆ ಸರಿದು ತಟ್ಟೆ ಒರೆಸತೊಡಗಿದ. ಫೋಟೋ ಮುಗಿಯಿತು, ಸೌಟು ಮತ್ತೆ ಅವನ ಕೈಗೆ ಬಂತು. ಆಮೇಲೆ ಸಿನಿಮಾ ನೋಡಿ ಕಲಿತ ಹಿಂದಿಯಲ್ಲಿ ಅವನೇ ಹೇಳಿದ: ಊರು ಬಾಂಗ್ಲಾದೇಶ, ಬಂದು ಆರು ವರ್ಷ. "ಯಾರಾದ್ರೂ ಕೇಳಿದ್ರೆ ನಾನು ತಟ್ಟೆ ತೊಳೆಯೋನು, ಅಷ್ಟೇ."

ಈ ನಾಟಕದ ಹಿಂದೆ ಒಂದು ನಿಯಮವಿದೆ. ಬೀದಿ ಗಾಡಿಗಳಲ್ಲಿ ಸ್ಥಳೀಯ ತಿನಿಸುಗಳನ್ನು ವಿದೇಶಿ ಕೆಲಸಗಾರರು ಬೇಯಿಸಕೂಡದು ಎಂದು ಪಿನಾಂಗ್ ರಾಜ್ಯ ಸರ್ಕಾರ 2014ರಲ್ಲಿ ಹೇಳಿತು, 2016ರಿಂದ ಜಾರಿಗೆ ತಂದಿತು. ವಿದೇಶಿಯರು ಕೈಕೆಲಸಕ್ಕೆ ಇರಬಹುದು, ಬಾಣಲೆ ಮುಟ್ಟುವ ಹಾಗಿಲ್ಲ. ಚಾರ್ ಕ್ವೇ ಟಿಯಾವ್, ಲಕ್ಸಾ, ಹೊಕ್ಕಿಯೆನ್ ಮೀ, ನಾಸಿ ಲೆಮಾಕ್ ಎಲ್ಲವೂ ಆ ಪಟ್ಟಿಯಲ್ಲಿದ್ದವು. 2018ರಲ್ಲಿ ಕೇಂದ್ರದ ಮಂತ್ರಿಯೊಬ್ಬರು ದೇಶದ ಎಲ್ಲ ಹೋಟೆಲುಗಳಿಗೂ ಇಂಥದೇ ನಿಯಮ ಬರಲಿ ಎಂದರು. ಗದ್ದಲವೆದ್ದ ಮೇಲೆ ಹಿಂದೆ ಸರಿದರು. ಪಿನಾಂಗ್ ಸರ್ಕಾರ ಕೊಟ್ಟ ಮುಖ್ಯ ಕಾರಣ: ವಿದೇಶಿಯರು ಅಡುಗೆ ಮಾಡಿದರೆ ಅಸಲಿ ರುಚಿ ಹೋಗುತ್ತದೆ.

ಅಂದರೆ ಪ್ರವಾಸಿಯ ಆ ಮುಗ್ಧ ಪ್ರಶ್ನೆಗೆ ಸರ್ಕಾರ ಉತ್ತರ ಕೊಟ್ಟಿದೆ. ಕಾನೂನಿನ ಭಾಷೆಯಲ್ಲಿ ಕೊಟ್ಟಿದೆ.

ಈಗ ಆ ಪಟ್ಟಿಯನ್ನೇ ನೋಡೋಣ. 1786ರಲ್ಲಿ ಫ್ರಾನ್ಸಿಸ್ ಲೈಟ್ ಪಿನಾಂಗಿಗೆ ಬಂದಿಳಿದು ಬ್ರಿಟಿಷ್ ಬಾವುಟ ಹಾರಿಸಿದ. ಆ ಬಂದರಿಗೆ ದುಡಿಯಲು ಬಂದವರು ದಕ್ಷಿಣ ಚೀನಾದವರು, ಕೋರಮಂಡಲ ಕರಾವಳಿಯ ತಮಿಳು ಮುಸ್ಲಿಮರು, ಸುಮಾತ್ರಾದವರು, ಸಯಾಮಿನವರು. ಹೊಕ್ಕಿಯೆನ್ ಎನ್ನುವುದು ಚೀನಾದ ಫುಜಿಯಾನ್ ಪ್ರಾಂತ್ಯದ ಹೆಸರು. ಚಾರ್ ಕ್ವೇ ಟಿಯಾವ್ ಹಂದಿ ಕೊಬ್ಬಿನಲ್ಲಿ ಹುರಿದ, ಅಗ್ಗಕ್ಕೆ ಹೊಟ್ಟೆ ತುಂಬಿಸುವ ಕೂಲಿಗಳ ಊಟವಾಗಿತ್ತು. ನಾಸಿ ಕಂದಾರ್ ಎಂಬ ಹೆಸರಿನಲ್ಲಿ ನಾಸಿ ಎಂದರೆ ಅನ್ನ, ಕಂದಾರ್ ಎಂದರೆ ಹೆಗಲ ಮೇಲಿನ ಕಾವಡಿ. ತಮಿಳು ಮುಸ್ಲಿಮರು ಕಾವಡಿಯ ಒಂದು ತುದಿಗೆ ಅನ್ನ, ಇನ್ನೊಂದಕ್ಕೆ ಸಾರು ಕಟ್ಟಿಕೊಂಡು ಬಂದರಿನ ಹಮಾಲರಿಗೆ ಬಡಿಸುತ್ತಿದ್ದರು. ಅವರನ್ನು ಇಂದಿಗೂ 'ಮಾಮಕ್' ಎನ್ನುತ್ತಾರೆ. ನಮಗೂ ಗೊತ್ತಿರುವ ಮಾಮನೇ ಅದು.

ಆಸಾಮ್ ಲಕ್ಸಾದ ಬಂಗುಡೆ ಸಾರನ್ನು ಬಾಯಿಗಿಟ್ಟಾಗ ನನಗೆ ಮನೆಯ ನೆನಪಾದದ್ದು ಸುಮ್ಮನೆ ಅಲ್ಲ. ಅದಕ್ಕೆ ಹಾಕುವ ಒಣಗಿದ ಆಸಾಮ್ ಗೆಲುಗೋರ್ ಹುಳಿ ನಮ್ಮ ಪುನರ್ಪುಳಿಯ, ಉಪ್ಪಾಗೆಯ ದಾಯಾದಿ. ಅದರ ಜೊತೆ ಬೀಳುವ ಮೆಣಸಿನಕಾಯಿ ಅಮೆರಿಕಾ ಖಂಡದ್ದು, ಶಾವಿಗೆ ಚೀನಾದ್ದು. ಮುಸ್ಲಿಂ ಗಾಡಿಗಳಲ್ಲಿ ಹಂದಿ ಕೊಬ್ಬಿಲ್ಲದ ಚಾರ್ ಕ್ವೇ ಟಿಯಾವ್ ಸಿಗುತ್ತದೆ, ಅದು ನಕಲಿಯೇ? ಹೊಕ್ಕಿಯೆನ್ ಮೀ ಎಂದು ಕೇಳಿದರೆ ಪಿನಾಂಗಿನಲ್ಲಿ ಸಿಗಡಿ ತಲೆ ಕುದಿಸಿದ ಕೆಂಪು ಸಾರಿನ ಬಟ್ಟಲು ಬರುತ್ತದೆ, ಕ್ವಾಲಾಲಂಪುರದಲ್ಲಿ ಸೋಯಾದಲ್ಲಿ ಹುರಿದ ಕಪ್ಪು, ದಪ್ಪ ಶಾವಿಗೆ ಬರುತ್ತದೆ. ಅಸಲಿ ಯಾವುದು?

ವಲಸೆ ಬಂದವರು ಹಸಿವಿಗೆ, ಅಗ್ಗದಲ್ಲಿ, ಸಿಕ್ಕಿದ್ದನ್ನು ಸೇರಿಸಿ ಮಾಡಿದ ಅಡುಗೆ ಇದು. ಅದನ್ನು ಈಗ ಪರಂಪರೆ ಎಂದು ಕರೆದು ಇವತ್ತಿನ ವಲಸೆಗಾರನ ಕೈಯಿಂದ ಸೌಟು ಕಿತ್ತುಕೊಳ್ಳುತ್ತಿದ್ದೇವೆ. ನೂರು ವರ್ಷದ ಹಿಂದೆ ದೋಣಿಯಲ್ಲಿ ಬಂದವನ ಕೈರುಚಿ ಅಸಲಿ, ಆರು ವರ್ಷದ ಹಿಂದೆ ವಿಮಾನದಲ್ಲಿ ಬಂದವನದ್ದು ನಕಲಿ. ನಡುವೆ ಇರುವುದು ನಾಲಗೆಯ ವ್ಯತ್ಯಾಸವಲ್ಲ, ಪಾಸ್‌ಪೋರ್ಟಿನದ್ದು.

ನಿಯಮದ ಪರವಾಗಿ ಇರುವ ವಾದವನ್ನು ತಳ್ಳಿಹಾಕುವುದು ನ್ಯಾಯವಲ್ಲ. ಗಾಡಿಯವರ ಮಕ್ಕಳು ಓದಿ ಕಚೇರಿ ಕೆಲಸಕ್ಕೆ ಹೋಗುತ್ತಿದ್ದಾರೆ. ಮಾಲೀಕರು ಎರಡು ವಾರ ಕಲಿಸಿ ಯಾರನ್ನೋ ಬಾಣಲೆಗೆ ನಿಲ್ಲಿಸಿ ಕೈತೊಳೆದುಕೊಂಡರೆ ತಲೆಮಾರುಗಳ ಹದ ಹಾಳಾಗುತ್ತದೆ. ಈ ಆತಂಕ ಸುಳ್ಳಲ್ಲ. ಆದರೆ ಹದ ಕೆಡುವುದು ಕಲಿಸದಿದ್ದಾಗ. ಕಲಿಯುವವನು ಯಾವ ದೇಶದವನು ಎಂಬುದು ಅದಕ್ಕೆ ಸಂಬಂಧವಿಲ್ಲ. ಮಕ್ಕಳು ಯಾಕೆ ಬರುತ್ತಿಲ್ಲ? ನಸುಕಿನಲ್ಲೆದ್ದು ಮಾರುಕಟ್ಟೆಗೆ ಹೋಗಬೇಕು, ನಡುರಾತ್ರಿಯವರೆಗೆ ಉರಿಯ ಮುಂದೆ ನಿಲ್ಲಬೇಕು. ಇಷ್ಟಾದರೂ ಬೆಲೆ ಏರಿಸುವ ಹಾಗಿಲ್ಲ. ಏಕೆಂದರೆ ನಮಗೆ ಅಸಲಿ ರುಚಿಯೂ ಬೇಕು, ಅದು ಅಗ್ಗವಾಗಿಯೂ ಇರಬೇಕು. ಅದೇ ಶಾವಿಗೆಯನ್ನು ಹವಾನಿಯಂತ್ರಿತ ಕೆಫೆಯಲ್ಲಿ ಕೊಟ್ಟರೆ ಎರಡು ಪಟ್ಟು ಕೊಟ್ಟು ತಿನ್ನುವ ನಾವೇ ಗಾಡಿಯವನು ಒಂದು ರಿಂಗಿಟ್ ಏರಿಸಿದರೆ "ಟೂರಿಸ್ಟ್ ರೇಟು" ಎಂದು ಮುಖ ಸಿಂಡರಿಸುತ್ತೇವೆ. ಹುಡುಗನ ದುಡಿಮೆಯ ಮೇಲೆ ನಿಂತ ಬೆಲೆ ಬೇಕು, ಹುಡುಗನ ಮುಖ ಫೋಟೋದಲ್ಲಿ ಬೇಡ.

"ಅಲ್ಲಿಯವರೇ ತಿನ್ನುವ ಜಾಗ" ಎಂಬ ಮಾತನ್ನೂ ಸ್ವಲ್ಪ ಕೆದಕಬೇಕು. ಜಾರ್ಜ್ ಟೌನಿನ ಹಳೆಯ ಅಂಗಡಿಮನೆಗಳಲ್ಲಿ ಬಡ ಕುಟುಂಬಗಳು ತಲೆಮಾರುಗಟ್ಟಲೆ ಬದುಕಲು ಸಾಧ್ಯವಾದದ್ದು ಬಾಡಿಗೆ ನಿಯಂತ್ರಣ ಕಾನೂನಿನಿಂದ. ಅದನ್ನು ರದ್ದು ಮಾಡುವ ಕಾಯಿದೆ 1997ರಲ್ಲಿ ಬಂತು, 2000ನೇ ಇಸವಿ ಹುಟ್ಟುವ ಹೊತ್ತಿಗೆ ಪೂರ್ತಿ ಜಾರಿಯಾಯಿತು. ಬಾಡಿಗೆ ಕಟ್ಟಲಾರದೆ ಸಾವಿರಾರು ಜನ ಜಾಗ ಖಾಲಿ ಮಾಡಿದರು. 2008ರಲ್ಲಿ ಯುನೆಸ್ಕೋ ಆ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಖಾಲಿಯಾದ ಮನೆಗಳು ಹೋಟೆಲು, ಕೆಫೆಗಳಾದವು. 2022ರ ಕೊನೆಗೆ ಮಿಶೆಲಿನ್ ಪಟ್ಟಿಯೂ ಬಂತು, ಕೆಲವು ಗಾಡಿಗಳ ಮುಂದೆ ಸಾಲು ಉದ್ದವಾಯಿತು. ಊರಿನವರನ್ನು ಕಳಿಸಿದ ಮೇಲೆ ಆ ಬೀದಿಯಲ್ಲಿ ನಿಂತು "ಊರಿನವರು ತಿನ್ನುವುದೆಲ್ಲಿ?" ಎಂದು ಕೇಳುವವರು ನಾವು.

ಮಲಯ ಭಾಷೆಯಲ್ಲಿ ಅಸಲಿಗೆ 'ಅಸ್ಲಿ' ಎನ್ನುತ್ತಾರೆ. ಒಂದೇ ಅರಬ್ಬಿ ಪದ ಅಲ್ಲಿಗೂ ಹೋಗಿದೆ, ನಮ್ಮಲ್ಲಿಗೂ ಬಂದಿದೆ. ಆ ದೇಶದಲ್ಲಿ ಹೆಸರಿನಲ್ಲೇ ಆ ಪದ ಇಟ್ಟುಕೊಂಡ ಜನರೂ ಇದ್ದಾರೆ: ಒರಾಂಗ್ ಅಸ್ಲಿ, ಮಲಯ ಪರ್ಯಾಯ ದ್ವೀಪದ ಮೂಲನಿವಾಸಿಗಳು. ಬಿದಿರಿನ ಅಂಡೆಯಲ್ಲಿ ಬೇಯಿಸುವ ಅವರ ಅಡುಗೆ ನನಗೆ ಕಂಡ ಯಾವ 'ಅಸಲಿ ರುಚಿ'ಯ ಪಟ್ಟಿಯಲ್ಲೂ ಇರಲಿಲ್ಲ. ಅವರು ಬೆಳೆದು ತಿನ್ನುವ ಮರಗೆಣಸು ಕೂಡ ಹುಟ್ಟಿದ್ದು ದಕ್ಷಿಣ ಅಮೆರಿಕಾದಲ್ಲಿ. ಅಸಲಿಯ ಬೇರು ಹಿಡಿದು ಎಳೆಯುತ್ತ ಹೋದರೆ ಬರೀ ದಾರಿಗಳೇ ಸಿಗುತ್ತವೆ.

ಇದು ಅಲ್ಲಿಯವರ ತಪ್ಪು ಮಾತ್ರ ಎಂದು ಬೀಗುವ ಹಕ್ಕು ನಮಗಿಲ್ಲ. ಬೆಂಗಳೂರಿನಲ್ಲಿ 'ನಮ್ಮೂರ ಅಸಲಿ ರುಚಿ' ಎಂದು ಬೋರ್ಡು ಹಾಕಿದ ಎಷ್ಟೋ ಹೋಟೆಲುಗಳ ಅಡುಗೆಮನೆಗೆ ಒಮ್ಮೆ ಇಣುಕಿ. ಕಾವಲಿಯ ಮುಂದೆ ಒಡಿಶಾದ, ಬಂಗಾಳದ, ಅಸ್ಸಾಮಿನ ಹುಡುಗರಿದ್ದಾರೆ. ಅವರು ಹುಯ್ದ ದೋಸೆಯನ್ನು ಚಪ್ಪರಿಸಿ ತಿಂದು ಹೊರಬಂದು, ಹೊರಗಿನವರಿಂದ ಊರು ಕೆಟ್ಟಿತು ಎಂದು ಮಾತಾಡುವವರನ್ನು ನಾನು ಎದುರಿಗೇ ಕೇಳಿದ್ದೇನೆ. ಹಿಂದೆ ಕರಾವಳಿಯ ಹುಡುಗರು ಮುಂಬಯಿಗೆ ಹೋಗಿ ಹೋಟೆಲುಗಳಲ್ಲಿ ಲೋಟ ತೊಳೆದು, ಹಿಟ್ಟು ರುಬ್ಬಿ, ಒಂದು ದಿನ ಗಲ್ಲಾದ ಮುಂದೆ ಕೂತದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಕಾವಲಿ ಮುಟ್ಟಬೇಡಿ ಎಂದು ಅವರಿಗೆ ಅಂದು ಯಾರಾದರೂ ಕಾನೂನು ಮಾಡಿದ್ದರೆ?

ಹಾಗಾದರೆ ಪಿನಾಂಗಿನಲ್ಲಿ ಎಲ್ಲಿ ತಿನ್ನಬೇಕು? ಹೇಳುತ್ತೇನೆ. ಬೆಳಿಗ್ಗೆ ಯಾವುದಾದರೂ ಮೀನು-ತರಕಾರಿ ಮಾರುಕಟ್ಟೆಯ ಪಕ್ಕ ಹೋಗಿ. ಮಧ್ಯಾಹ್ನ ಬಾಯಾನ್ ಲೆಪಾಸಿನ ಕಾರ್ಖಾನೆಗಳ ಕಡೆ ಹೋಗಿ, ಪಾಳಿ ಮುಗಿಸಿದವರು ನಿಂತ ಕಡೆ ನೀವೂ ನಿಲ್ಲಿ. ಆ ಸಾಲಿನಲ್ಲಿ ಮಲಯದವರು, ಚೀನೀಯರು, ತಮಿಳರು, ನೇಪಾಳಿಗಳು, ಬಾಂಗ್ಲಾದವರು ಎಲ್ಲರೂ ಇರುತ್ತಾರೆ. ಇವತ್ತಿನ 'ಅಲ್ಲಿಯವರು' ಅವರೇ. ಸಾಂಬಾಲಿನಲ್ಲಿ ಸಿಗಡಿಯ ಬೆಲಚಾನ್ ಇರುತ್ತದೆ, ತಿನ್ನದವರು ಮೊದಲೇ ಕೇಳಿ ಬೇಡವೆನ್ನಿ, ಮೂಗು ಮುಚ್ಚಬೇಡಿ. ಕೇಳಿದಷ್ಟು ದುಡ್ಡು ಕೊಡಿ.

ಬಾಣಲೆಯ ಮುಂದೆ ನಿಂತವನ ಹೆಸರು ಕೇಳಿ, ರುಚಿಯಾಗಿದ್ದರೆ ಅವನಿಗೇ ಹೇಳಿ. ಫೋಟೋಕ್ಕೆಂದು ಸೌಟು ಕೈ ಬದಲಾಯಿಸುವುದು ಕಂಡರೆ ಕ್ಯಾಮೆರಾ ಒಳಗಿಡಿ. ನಾನು ಅಂದು ಆ ಹುಡುಗನ ಹೆಸರು ಕೇಳಿದ್ದೆ, ಇಲ್ಲಿ ಬರೆದಿಲ್ಲ. ಬರೆದರೆ ಅವನ ಕೆಲಸ ಹೋಗಬಹುದು. ನಮ್ಮ ಅಸಲಿ ಹುಡುಕಾಟದ ಬೆಲೆ ಅದು.